ನಾಲ್ಕು ಸದ್ಗುಣ, ನಾಲ್ಕು ತಾಲ್ಲೂಕು: ಬಯಲುಸೀಮೆಯ ಸ್ತೋಯಿಕ ಪರಂಪರೆಗೆ ಒಂದು ಪೂರ್ವಪೀಠಿಕೆ

ಕ್ರಿಸ್ತಪೂರ್ವ 300ರ ಸುಮಾರಿಗೆ ಅಥೆನ್ಸಿನ ಚಿತ್ತಾರದ ಮೊಗಸಾಲೆಯೊಂದರಲ್ಲಿ ಝೀನೋ ಪಾಠ ಹೇಳಿದ, ಅಲ್ಲಿಂದ ಸ್ತೋಯಿಕ ದರ್ಶನ ಹುಟ್ಟಿತು ಎಂಬುದು ಪಾಶ್ಚಾತ್ಯ ವಿದ್ವಾಂಸರ ನಂಬಿಕೆ. ನಂಬಲಿ, ನಮ್ಮ ಅಭ್ಯಂತರವಿಲ್ಲ. ವಿವೇಕ, ಧೈರ್ಯ, ನ್ಯಾಯ, ಸಂಯಮ ಎಂದು ಅವರ ಸದ್ಗುಣಗಳು ನಾಲ್ಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ನಮ್ಮ ತಾಲ್ಲೂಕುಗಳೂ ನಾಲ್ಕು. ಇದಕ್ಕಿಂತ ಕಡಿಮೆ ಪುರಾವೆಗೆ ಡಾಕ್ಟರೇಟ್ ಸಿಕ್ಕಿರುವುದುಂಟು.

ಧೈರ್ಯ ಮಧುಗಿರಿಯ ಪಾಲು. ಏಕಶಿಲಾ ಬೆಟ್ಟವನ್ನು ಅರ್ಧ ಹತ್ತಿ, ಕಂಬಿ ಹಿಡಿದು ಕೆಳಗೆ ನೋಡಿದವನಿಗೆ ಯಾವುದು ನಮ್ಮ ಕೈಯಲ್ಲಿದೆ, ಯಾವುದು ಇಲ್ಲ ಎಂಬ ಎಪಿಕ್ಟೀಟಸನ ವಿಂಗಡಣೆ ತಾನಾಗಿ ಅರ್ಥವಾಗುತ್ತದೆ. ಕಂಬಿ ಕೈಯಲ್ಲಿದೆ, ಮಂಡಿ ಇಲ್ಲ.

ಸಂಯಮ ಶಿರಾದ್ದು. 1687ರಲ್ಲಿ ಮೊಗಲ್ ಸುಭೆಯ ರಾಜಧಾನಿಯಾಗಿದ್ದ ಊರಿನವರನ್ನು ಬಸ್ಸಿನವರು ಬೈಪಾಸಿನಲ್ಲೇ ಇಳಿಸಿ ಹೋದರೂ ಅವರು ಔರಂಗಜೇಬನ ಹೆಸರೆತ್ತುವುದಿಲ್ಲ.

ವಿವೇಕಕ್ಕೆ ಪಾವಗಡಕ್ಕೇ ಹೋಗಬೇಕು. ಆಗರ್ಭ ಶ್ರೀಮಂತ ಸೆನೆಕಾ ತನ್ನ ಗೆಳೆಯ ಲ್ಯೂಸಿಲಿಯಸನಿಗೆ, ಆಗಾಗ ಕೆಲವು ದಿನ ಒರಟು ಬಟ್ಟೆ ಉಟ್ಟು, ಒಣರೊಟ್ಟಿ ತಿಂದು ಬಡತನ ಅಭ್ಯಾಸ ಮಾಡು ಎಂದು ಪತ್ರ ಬರೆದಿದ್ದ. ಅವನಿಗೆ ಅದು ಐಚ್ಛಿಕ ವಿಷಯ. ಇಲ್ಲಿ ಕಡ್ಡಾಯ; ಸರ್ಕಾರವೇ ಬರಪೀಡಿತ ಎಂದು ಘೋಷಿಸಿ ಅಭ್ಯಾಸಕ್ಕೆ ಕೂರಿಸುತ್ತದೆ.

ಮಾರ್ಕಸ್ ಆರೀಲಿಯಸ್ ದಂಡಿನ ಬಿಡಾರದಲ್ಲಿ ಕೂತು ತನಗೆ ತಾನೇ ಬುದ್ಧಿ ಹೇಳಿಕೊಂಡು ಬರೆದ. ಕಡಲೆಕಾಯಿ ಬೆಳೆಯುವ ನಮ್ಮ ಮಾಹಿತಿದಾರರು ಗೊಬ್ಬರದಂಗಡಿ ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಂಡಿದ್ದಾರೆ: ಬಿತ್ತನೆ ಬೀಜ ಹುರಿದು ತಿನ್ನಬಾರದು. ಮೋಡ ನೋಡಿ ಸಾಲ ಎತ್ತಬಾರದು. ಪಕ್ಕದವರ ಬೋರಿನಲ್ಲಿ ನೀರು ಬಿದ್ದರೆ ಊಟ ಬಿಡಬಾರದು. ಮೂರನೆಯದು ಇನ್ನೂ ಸಾಧನೆಯ ಹಂತದಲ್ಲಿದೆ ಎಂದರು.

ವಿಧಿಯನ್ನು ಮರುಮಾತಿಲ್ಲದೆ ಒಪ್ಪಬೇಕೆಂದರು ಗ್ರೀಕರು. ಪಾವಗಡದ ಶನಿಮಹಾತ್ಮನ ಗುಡಿಗೆ ಶನಿವಾರ ಎಳ್ಳೆಣ್ಣೆ ಹಿಡಿದು ಬರುವವರದು ಇನ್ನೂ ಸೂಕ್ಷ್ಮ ನಿಲುವು: ಒಪ್ಪೋಣ, ಒಂದು ಮಾತು ಹೇಳಿ ನೋಡೋಣ. ಸಾಡೇಸಾತ್ ಶನಿಯಾದರೂ ಏಳೂವರೆ ವರ್ಷಕ್ಕೆ ಬಿಟ್ಟು ಹೋಗುತ್ತಾನೆ. ತುಮಕೂರು–ರಾಯದುರ್ಗ ರೈಲು ಮಾರ್ಗ ಮಂಜೂರಾದದ್ದು 2007-08ರಲ್ಲಿ. ತಾಳ್ಮೆಯನ್ನು ಸದ್ಗುಣ ಎಂದು ಮೊದಲು ಹೊಗಳಿದವನು ಯಾವುದೋ ಇಲಾಖೆಯವನೇ ಇರಬೇಕೆಂಬುದು ಪ್ರಸ್ತುತ ಲೇಖಕನ ಗುಮಾನಿ.

ಬಿಸಿಲು ನಮ್ಮ ಕೈಯಲ್ಲಿಲ್ಲ, ಇದನ್ನು ಸ್ತೋಯಿಕರೂ ಒಪ್ಪುತ್ತಾರೆ. ಆದರೆ ಬೀಳುವ ನೆಲ ನಮ್ಮದಲ್ಲವೇ? ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಎದ್ದಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ಬೆಳೆ ಸುಟ್ಟ ಸೂರ್ಯನೇ ಬಾಡಿಗೆ ಕೊಡತೊಡಗಿದ. ಝೀನೋಗೆ ಇದು ಹೊಳೆದಿರಲಿಲ್ಲ. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಸ್ವಂತ ಜಮೀನಿಲ್ಲದ ಕೂಲಿಯವರಿಗೆ ಮಾತ್ರ ಬಿಸಿಲು ಮೊದಲಿನಂತೆ ಉಚಿತ.

ಉಳಿದ ನ್ಯಾಯವನ್ನು ಕೊರಟಗೆರೆಗೆ ಕೊಟ್ಟು ಪ್ರಬಂಧ ಮುಗಿಸುವ ಆಲೋಚನೆಯಿತ್ತು. ಮಿಕ್ಕ ಮೂರು ತಾಲ್ಲೂಕಿನವರು ತಕರಾರು ಅರ್ಜಿ ಹಾಕಿದ್ದಾರೆ. ತಮ್ಮ ಪಾಲಿನ ಗುಣ ವಾಪಸು ತೆಗೆದುಕೊಂಡು ಅದನ್ನೇ ಕೊಡಬೇಕಂತೆ. ವಿಚಾರಣೆ ಮುಂದಿನ ತಿಂಗಳಿಗೆ ಹೋಗಿದೆ.