ಮರದ್ದೇ ತಪ್ಪು

ಕ್ರಿಕೆಟ್‌ನಲ್ಲಿ ಔಟಾದವನು ಅಂಪೈರನ್ನು ಬೈಯುತ್ತಾನೆ. ಕೇರಂನಲ್ಲಿ ಸೋತವನು ಪೌಡರ್ ಸಾಲದು ಅನ್ನುತ್ತಾನೆ. ಇವೆಲ್ಲ ಎಳಸು ನೆಪಗಳು. ನೆಪ ಹೇಳುವುದನ್ನೇ ಒಂದು ವಿದ್ಯೆಯಾಗಿ ಬೆಳೆಸಿಕೊಂಡವರನ್ನು ನೋಡಬೇಕೆಂದರೆ ಅಮೆರಿಕದ ಯಾವುದಾದರೂ ಗುಡ್ಡಗಾಡಿನ ಪಾರ್ಕಿಗೆ ಹೋಗಿ, ಡಿಸ್ಕ್ ಗಾಲ್ಫ್ ಆಡುವವರ ಹಿಂದೆ ಒಂದು ಸುತ್ತು ನಡೆದು ಬನ್ನಿ.

ನಾನು ನಡೆದದ್ದು ನನ್ನ ಭಾವಮೈದನ ಹಿಂದೆ. ಅವನಿರುವುದು ನಾರ್ತ್ ಕೆರೊಲಿನಾದ ಷಾರ್ಲೆಟ್‌ನಲ್ಲಿ. ಬೆಂಗಳೂರಿನಲ್ಲಿದ್ದಾಗ ಮೂಲೆ ಅಂಗಡಿಯಿಂದ ಹಾಲು ತರಲೂ ಸ್ಕೂಟರ್ ತೆಗೆಯುತ್ತಿದ್ದ ಆಸಾಮಿ ಈಗ ಶನಿವಾರ ಬೆಳಗಾದರೆ ಬೆನ್ನಿಗೆ ಚೀಲ ಏರಿಸಿ ಹಾರ್ನೆಟ್ಸ್ ನೆಸ್ಟ್ ಪಾರ್ಕಿಗೆ ಹೊರಡುತ್ತಾನೆ. ಚೀಲದ ತುಂಬ ಪ್ಲಾಸ್ಟಿಕ್ ತಟ್ಟೆಗಳು. "ತಟ್ಟೆ ಅನ್ಬೇಡಿ ಭಾವ, ಡಿಸ್ಕ್" ಎಂದು ತಿದ್ದಿದ. ದೂರಕ್ಕೆ ಡ್ರೈವರ್, ನಡುವಿನದಕ್ಕೆ ಮಿಡ್‌ರೇಂಜ್, ಬುಟ್ಟಿಯ ಹತ್ತಿರಕ್ಕೆ ಪಟ್ಟರ್. ನಿಯಮದ ಪ್ರಕಾರ ಯಾವುದೂ 200 ಗ್ರಾಂ ದಾಟುವಂತಿಲ್ಲ. ಹೆಚ್ಚಿನವುಗಳ ಬೆನ್ನ ಮೇಲೆ ಜಾತಕ ಬರೆದಂತೆ ನಾಲ್ಕು ಅಂಕಿ: ಎಷ್ಟು ವೇಗ, ಎಷ್ಟು ತೇಲುತ್ತದೆ, ಮೊದಲು ಎಷ್ಟು ಹೊರಳುತ್ತದೆ, ಕೊನೆಗೆ ಎಷ್ಟು ವಾಲುತ್ತದೆ. ಯಾವ ಮರಕ್ಕೆ ಬಡಿಯುತ್ತದೆ ಎಂಬ ಐದನೆಯ ಅಂಕಿಯನ್ನು ಮಾತ್ರ ಕಂಪನಿಯವರು ಜಾಣತನದಿಂದ ಬಿಟ್ಟಿದ್ದಾರೆ.

ಆಟ ಹೇಳಲು ಸುಲಭ. ಕಾಂಕ್ರೀಟ್ ಕಟ್ಟೆಯ ಮೇಲೆ ನಿಂತು ಎಸೆಯಬೇಕು. ಬಿದ್ದಲ್ಲಿಂದ ಮತ್ತೆ ಎಸೆಯಬೇಕು. ಸರಪಳಿ ಇಳಿಬಿಟ್ಟ ಬುಟ್ಟಿಗೆ ಬೀಳುವ ತನಕ ಇದೇ ಕಥೆ. ಕಡಿಮೆ ಎಸೆತದಲ್ಲಿ ಮುಗಿಸಿದವನು ಗೆದ್ದ. ಕಟ್ಟೆಗೂ ಬುಟ್ಟಿಗೂ ನಡುವೆ ಪೈನ್, ಓಕ್, ಸ್ವೀಟ್‌ಗಮ್ ಮರಗಳು ಒತ್ತಾಗಿ ನಿಂತಿವೆ ಎನ್ನುವುದು ಸಣ್ಣ ವಿವರ.

ಮೊದಲ ಎಸೆತ. ಡಿಸ್ಕ್ ಹೊರಟಿತು, ಟಕ್ ಎಂದಿತು, ಬಲಕ್ಕೆ ಚಿಮ್ಮಿ ಪೊದೆ ಸೇರಿತು. ಭಾವಮೈದ ಆ ಮರವನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಭಾವ, ಹೋದ ವಾರ ಈ ಮರ ಇಲ್ಲಿರಲಿಲ್ಲ."

ಎರಡು ಆಳು ತಬ್ಬಿದರೂ ಸಿಗದ ಓಕ್ ಅದು. ನಾನು ತಲೆಯಾಡಿಸಿದೆ. ಅಕ್ಕನ ಗಂಡನಾದವನು ಇನ್ನೇನು ಮಾಡಿಯಾನು?

ಮರ ಅಂದರೆ ಶೇಕಡಾ 90 ಗಾಳಿ, ಧೈರ್ಯವಾಗಿ ಎಸೆ ಅನ್ನುವುದು ಈ ಆಟಗಾರರ ಬಾಯಲ್ಲಿ ಓಡಾಡುವ ಮಾತು. ಇರಬಹುದು. ಆದರೆ ಉಳಿದ ಹತ್ತನ್ನು ಹುಡುಕಿ ಹುಡುಕಿ ಹೊಡೆಯುವ ಪ್ರತಿಭೆ ಎಲ್ಲರಿಗೂ ಒಲಿಯುವುದಿಲ್ಲ. ಬಲಗೈಯವನು ಬ್ಯಾಕ್‌ಹ್ಯಾಂಡ್ ಎಸೆದರೆ, ವೇಗ ಇಳಿಯುತ್ತಿದ್ದಂತೆ ಡಿಸ್ಕ್ ಎಡಕ್ಕೆ ವಾಲುತ್ತದೆ. ಎಡಗಡೆಯ ಮರಗಳಿಗೆ ಇದು ಚೆನ್ನಾಗಿ ಗೊತ್ತು, ಕಾದೇ ನಿಂತಿರುತ್ತವೆ. ಇಳಿಜಾರಿನಲ್ಲಂತೂ ನೆಲ ಕೆಳಕ್ಕೆ ಸರಿಯುತ್ತಲೇ ಹೋಗುವುದರಿಂದ ಡಿಸ್ಕ್ ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ, ಅಷ್ಟೂ ಹೊತ್ತು ಎಡಕ್ಕೇ ವಾಲುತ್ತದೆ. ಏರಿನಲ್ಲಿ ಇನ್ನೊಂದು ಪಾಡು. ಮೂತಿ ಮೇಲೆ ಮಾಡಿ ಎಸೆದರೆ ಅದು ಎತ್ತರಕ್ಕೆ ಹೋಗಿ, ಅಲ್ಲೇ ನಿಂತು ಯೋಚನೆ ಮಾಡಿ, ಎಸೆದವನ ಕಡೆಗೇ ಜಾರುತ್ತದೆ. ಬುಟ್ಟಿ ದಿಬ್ಬದ ನೆತ್ತಿಯಲ್ಲಿದ್ದರೆ ಕೇಳಲೇಬೇಡಿ. ಸರಪಳಿಗೆ ಸಿಗದ ಪಟ್ಟರ್ ಅಂಚಿನ ಮೇಲೆ ಬಿದ್ದು ಚಕ್ರವಾಗಿ ಉರುಳಿ ತಗ್ಗಿನ ತೊರೆಯವರೆಗೂ ಹೋಗುತ್ತದೆ. ಅಲ್ಲಿ ಮರವನ್ನು ಬೈಯುವಂತಿಲ್ಲ. "ಯಾವನಯ್ಯ ಇಲ್ಲಿ ಬುಟ್ಟಿ ನೆಟ್ಟವನು?" ಎಂದು ಭಾವಮೈದ ಪಾರ್ಕ್ ನೋಡಿಕೊಳ್ಳುವ ಕೌಂಟಿಯನ್ನು ಬೈದ.

ಈ ವಾದಪ್ರಿಯತೆ ಆಟದ ಹುಟ್ಟಿನಲ್ಲೇ ಇದೆ. ಫ್ರಿಸ್ಬೀ ಮಾಡುತ್ತಿದ್ದ ವ್ಯಾಮ್-ಓ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಕೋರ್ಸ್ ಮಾಡಿದಾಗ ಗುರಿಯಾಗಿ ಇದ್ದದ್ದು ಬರೀ ಕಂಬಗಳು. ಡಿಸ್ಕ್ ಕಂಬಕ್ಕೆ ತಾಗಿತು, ಇಲ್ಲ ತಾಗಲಿಲ್ಲ ಎಂಬ ಜಗಳ ತೀರಲೆಂದೇ ಹೆಡ್ರಿಕ್ ಸರಪಳಿಯ ಬುಟ್ಟಿ ಕಂಡುಹಿಡಿದು 1977ರಲ್ಲಿ ಪೇಟೆಂಟ್ ಪಡೆದದ್ದು. ಒಂದು ಜಗಳ ಮುಗಿಯಿತು. ಮರದ ಜಗಳಕ್ಕೆ ಯಾರೂ ಪೇಟೆಂಟ್ ಪಡೆದಿಲ್ಲ. ನಿಯಮಗಳೂ ಮರದ ಪಕ್ಷವೇ. ಅಡ್ಡ ಬಂದ ಜೀವಂತ ಕೊಂಬೆಯನ್ನು ಮುರಿಯುವಂತಿಲ್ಲ. ಕೆಲವು ಟೂರ್ನಿಗಳಲ್ಲಿ ಡಿಸ್ಕ್ ಎರಡು ಮೀಟರಿಗಿಂತ ಎತ್ತರದಲ್ಲಿ ಸಿಕ್ಕಿಕೊಂಡರೆ ದಂಡ ಬೇರೆ. ಕಳೆದದ್ದನ್ನು ಹುಡುಕಲು ಮೂರೇ ನಿಮಿಷ. ಭಾವಮೈದ ಒಂದೊಂದಕ್ಕೂ ಅರ್ಧ ಗಂಟೆ ಹುಡುಕಿದ, ಪುಣ್ಯಕ್ಕೆ ಟೂರ್ನಿಯಲ್ಲ.

ಮಾತು ಬಂದಾಗಲೆಲ್ಲ ಅವನು ಫೋನಿನಲ್ಲಿ ಒಂದು ವಿಡಿಯೊ ತೋರಿಸುತ್ತಾನೆ. 2021ರ ವಿಶ್ವ ಚಾಂಪಿಯನ್‌ಶಿಪ್, ಯೂಟಾದ ಆಗ್ಡನ್. ಪಾಲ್ ಮೆಕ್‌ಬೆತ್‌ಗಿಂತ ಒಂದು ಎಸೆತ ಹಿಂದಿದ್ದ ಜೇಮ್ಸ್ ಕಾನ್ರಾಡ್ ಕೊನೆಯ ಬುಟ್ಟಿಗೆ 247 ಅಡಿ ದೂರದಿಂದ ನೇರ ಎಸೆದು ಸಮ ಮಾಡಿದ, ಪ್ಲೇಆಫ್‌ನಲ್ಲಿ ಗೆದ್ದೂ ಬಿಟ್ಟ. "ಅಲ್ಲೂ ಮರ ಇದ್ದವಲ್ಲೋ?" ಅಂದೆ. "ಅಲ್ಲಿನ ಮರ ಒಳ್ಳೇವು ಭಾವ." ಇದೇ ಮೆಕ್‌ಬೆತ್ ಮೊದಲ ಸಲ ವಿಶ್ವ ಚಾಂಪಿಯನ್ ಆದದ್ದು 2012ರಲ್ಲಿ, ಇದೇ ಷಾರ್ಲೆಟ್‌ನಲ್ಲಿ ಎನ್ನುವುದನ್ನು ಹೇಳಿದವನೂ ಇವನೇ. ಇಲ್ಲಿನ ಮರಗಳು ಆಗ ಒಳ್ಳೆಯವಾಗಿದ್ದವೇನೋ, ಕೇಳಲಿಲ್ಲ.

ಸೋತವರು ಜಾಗವನ್ನು ದೂರುವುದು ಈ ಊರಿನಲ್ಲಿ ಹಳೆಯ ಪದ್ಧತಿ ಎನ್ನಿ. 1780ರಲ್ಲಿ ಷಾರ್ಲೆಟ್ ಹಿಡಿದ ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್, ಊರವರ ಕಾಟಕ್ಕೆ ಹೆಚ್ಚು ದಿನ ನಿಲ್ಲಲಾಗದೆ ಹೊರಟಾಗ, ಇದೊಂದು ಹಾರ್ನೆಟ್ಸ್ ನೆಸ್ಟ್, ಅಂದರೆ ಕಣಜದ ಗೂಡು ಎಂದು ಬೈದನಂತೆ. ಊರವರು ಆ ಬೈಗುಳವನ್ನೇ ಬಿರುದು ಮಾಡಿಕೊಂಡು ಪಾರ್ಕಿಗೂ ಇಟ್ಟರು, ಬ್ಯಾಸ್ಕೆಟ್‌ಬಾಲ್ ತಂಡಕ್ಕೂ ಇಟ್ಟರು. 1792ರಲ್ಲಿ ನಮ್ಮ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದವನೂ ಇದೇ ಕಾರ್ನ್‌ವಾಲಿಸ್. ಅಲ್ಲಿ ಗೆದ್ದನಲ್ಲ, ಜಾಗವನ್ನು ಬೈದ ದಾಖಲೆ ಕಾಣೆ.

ಹೆಡ್ರಿಕ್ 2002ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ಅಸ್ಥಿಯ ಬೂದಿಯನ್ನು ಪ್ಲಾಸ್ಟಿಕ್‌ನಲ್ಲಿ ಬೆರೆಸಿ ಡಿಸ್ಕ್ ಮಾಡಿದರು. ಕಾವೇರಿಯಲ್ಲಿ ಬಿಡುವ ನಮಗೆ ಇದು ವಿಚಿತ್ರ ಅನ್ನಿಸಬಹುದು. ಭಾವಮೈದ ಮಾತ್ರ ಭಕ್ತಿಯಿಂದ ಹೇಳಿದ. ಅಂಥದ್ದೊಂದು ಇವನ ಕೈಗೆ ಸಿಗದಿರಲಿ. ಸತ್ತ ಮೇಲೂ ಮರಕ್ಕೆ ತಲೆ ಬಡಿಸಿಕೊಳ್ಳುವ ಕರ್ಮ ಆ ಪುಣ್ಯಾತ್ಮರಿಗೆ ಬೇಡ.

ಮಗನನ್ನೋ ಮಗಳನ್ನೋ ನೋಡಲು ಆ ಕಡೆ ಹೋದವರನ್ನು ಯಾರಾದರೂ "ಬನ್ನಿ, ಸುಮ್ಮನೆ ಒಂದು ವಾಕ್" ಎಂದು ಕರೆದರೆ ಪಂಚೆ, ಚಡ್ಡಿ ಬಿಟ್ಟು ಕಾಲು ಮುಚ್ಚುವ ಪ್ಯಾಂಟು ಹಾಕಿಕೊಳ್ಳಿ. ಉಣ್ಣಿಗಳಿವೆ, ಮೂರೆಲೆಯ ಪಾಯ್ಸನ್ ಐವಿ ಇದೆ, ತಾಗಿದರೆ ವಾರಗಟ್ಟಲೆ ತುರಿಕೆ. ಕೈಗೆ ಹಸಿರು ಡಿಸ್ಕ್ ಕೊಟ್ಟರೆ ಬೇಡವೆನ್ನಿ, ಎಲೆಯೊಳಗೆ ಹೋದರೆ ಸಿಗುವುದಿಲ್ಲ. ಕೆಂಪೋ ಗುಲಾಬಿಯೋ ಕೇಳಿ. ಅದರ ಒಳಮೈಯಲ್ಲಿ ಫೋನ್ ನಂಬರ್ ಬರೆದಿದೆಯೇ ನೋಡಿಕೊಳ್ಳಿ. ಸಿಕ್ಕಿದವರು ಫೋನ್ ಮಾಡಿ ವಾಪಸು ಕೊಡುವ ಮರ್ಯಾದೆ ಅಲ್ಲಿನ ಆಟಗಾರರಲ್ಲಿದೆ.