ಮುಂದಿನ ದೇಶೋದ್ಧಾರಕ ಸೇನೆಗೆ ಒಂದು ಬಿನ್ನವತ್ತಳೆ

ಯುದ್ಧ ಗೆದ್ದ ಮೇಲೆ ಸೋತ ನಾಡನ್ನು ಕಟ್ಟಿಕೊಟ್ಟೇ ಮರಳುವುದಾಗಿ ಪಣ ತೊಟ್ಟಿರುವ ಮುಂದಿನ ಮಹಾಸೇನಾಧಿಪತಿಗಳ ಸನ್ನಿಧಾನಕ್ಕೆ, ಉದ್ಧಾರವಾಗುವ ಸರದಿಯಲ್ಲಿ ನಿಂತಿರುವ ನಾಡುಗಳ ಪ್ರಜೆಗಳ ಸವಿನಯ ಬಿನ್ನಹ.

ಪರದೇಶದ ಪಡೆ ಎಷ್ಟು ಕಾಲ ಬೀಡುಬಿಡಬೇಕೆಂಬ ಪ್ರಶ್ನೆಗೆ ಅಫ್ಘಾನಿಸ್ತಾನದಲ್ಲಿ 20 ವರ್ಷಗಳ ಪ್ರಯೋಗವೇ ನಡೆದಿದ್ದು, ಅಲ್ಲಿನ ಪುನರ್ನಿರ್ಮಾಣಕ್ಕೆ, ಅಂದರೆ ಅಮೆರಿಕದ ಸ್ವಂತ ಕಾದಾಟದ ಖರ್ಚನ್ನು ಬಿಟ್ಟು ರಸ್ತೆ, ಶಾಲೆ, ಪೊಲೀಸು, ಸೈನ್ಯಗಳನ್ನು ಕಟ್ಟುವ ಬಾಬ್ತಿಗೆ, ಸುಮಾರು 14,500 ಕೋಟಿ ಡಾಲರುಗಳು ಸಂದವು. ಈ ಹಣದ ಮೇಲೆ ಕಣ್ಣಿಡಲು ಅಮೆರಿಕದ ಸಂಸತ್ತು 2008ರಲ್ಲಿ ಸ್ಥಾಪಿಸಿದ ವಿಶೇಷ ತಪಾಸಣಾ ಕಚೇರಿಯ ವರದಿಗಳನ್ನು ಸನ್ನಿಧಾನವು ಆಕ್ಷೇಪಣೆಗಳೆಂದು ಬಗೆಯದೆ ಕೈಪಿಡಿಯಂತೆ ಓದಿಕೊಳ್ಳುವುದು ಲೇಸು.

ಅದರಲ್ಲಿ ಸಮವಸ್ತ್ರದ ಅಧ್ಯಾಯ ವಿಶೇಷ ಮನನಯೋಗ್ಯವಾದುದು. ಕ್ಯಾಮೊಫ್ಲಾಜ್, ಅಂದರೆ ಸೈನಿಕನನ್ನು ಸುತ್ತಲಿನ ನೆಲದ ಬಣ್ಣದಲ್ಲಿ ಮರೆಮಾಡುವ ಬಟ್ಟೆಯನ್ನು ಆರಿಸುವ ಪ್ರಸಂಗ 2007ರಲ್ಲಿ ಒದಗಿದಾಗ, ಅಂತರ್ಜಾಲದಲ್ಲಿ ಕಂಡ ವಿನ್ಯಾಸಗಳ ಪೈಕಿ ಅಫ್ಘನ್ ರಕ್ಷಣಾ ಸಚಿವರ ಮನಸ್ಸಿಗೆ ಒಪ್ಪಿದ್ದು ಅಡವಿಯ ಹಸಿರು. ನೂರರಲ್ಲಿ ಸುಮಾರು ಎರಡು ಪಾಲು ಮಾತ್ರ ಕಾಡಿರುವ ಆ ನಾಡಿನಲ್ಲಿ ಅದು ಯಾರನ್ನಾದರೂ ಮರೆಮಾಡೀತೇ ಎಂದು ಪರೀಕ್ಷಿಸುವ ಗೋಜಿಗೆ ಹೋಗದೆ, ಅಮೆರಿಕದ ಬಳಿ ಪುಕ್ಕಟೆಯಾಗಿ ಬಿದ್ದಿದ್ದ ವಿನ್ಯಾಸಗಳನ್ನೂ ಬಿಟ್ಟು, ಖಾಸಗಿ ಕಂಪನಿಯ ಸ್ವಾಮ್ಯದ ಬಟ್ಟೆಗೆ 2.6ರಿಂದ 2.8 ಕೋಟಿ ಡಾಲರುಗಳಷ್ಟು ಹೆಚ್ಚುವರಿ ಹಣವನ್ನು ಅಮೆರಿಕವೇ ತೆತ್ತಿತು. ಮಂಜೂರಾದ ಅನುದಾನ ಖರ್ಚಾಗದೆ ಉಳಿಯುವುದೇ ಅಪರಾಧವೆಂದು ತಿಳಿಯುವ ಆಡಳಿತಕ್ಕೆ ಇದರಲ್ಲಿ ತಪ್ಪೇನೂ ಕಾಣದು (ಮಾರ್ಚ್ ಕೊನೆಯ ವಾರದ ಸರ್ಕಾರಿ ಕಚೇರಿಗಳನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ).

ಸೋತ ನಾಡನ್ನು ಕಟ್ಟಿಕೊಡಬಹುದೆಂಬುದಕ್ಕೆ ಜಪಾನಿನ ಉದಾಹರಣೆ ಕೊಡುವ ಸಲಹೆಗಾರರು ಸನ್ನಿಧಾನದ ಬಳಿ ಇದ್ದೇ ಇರುತ್ತಾರೆ. 1945ರ ನಂತರ ಅಮೆರಿಕದ ಪಡೆ ಅಲ್ಲಿ ಆಳಿದ್ದು ಮೊದಲಿನಿಂದಲೂ ಇದ್ದ ಜಪಾನೀ ಸರ್ಕಾರ ಮತ್ತು ಅದರ ನುರಿತ ಗುಮಾಸ್ತರ ಮೂಲಕ ಎಂಬುದನ್ನು ನೆನಪಿಸಿ ಅವರ ಉತ್ಸಾಹಕ್ಕೆ ತಣ್ಣೀರೆರಚಬಾರದು. ಇತ್ತ ಅಫ್ಘಾನಿಸ್ತಾನದಲ್ಲಾದರೋ, ಕಾಬೂಲು ತಾಲಿಬಾನಿನ ಕೈಸೇರಿದ್ದು 2021ರ ಆಗಸ್ಟ್ 15ರಂದು, ಕೊನೆಯ ಅಮೆರಿಕನ್ ಸೈನಿಕ ವಿಮಾನ ಹತ್ತಿದ್ದು ಆಗಸ್ಟ್ 30ರಂದು. ಕಟ್ಟಿದವರ ಕಣ್ಣೆದುರಿಗೇ ಕಟ್ಟಿದ್ದು ಕುಸಿಯಿತಾದ್ದರಿಂದ, ಇನ್ನಷ್ಟು ಕಾಲ ನಿಂತಿದ್ದರೆ ಎಲ್ಲ ನೆಟ್ಟಗಾಗುತ್ತಿತ್ತೆಂಬ ವಾದಕ್ಕೆ 21ನೆಯ ವರ್ಷದಲ್ಲಿ ಏನು ಮಾಡಬೇಕೆಂದಿತ್ತು ಎಂಬ ಒಂದು ಸಾಲನ್ನಾದರೂ ಸೇರಿಸುವುದು ಅಗತ್ಯ.

ಪ್ರಜೆಗಳ ಕಡೆಯಿಂದ ಬೇಡಿಕೆ ಒಂದೇ. 54.9 ಕೋಟಿ ಡಾಲರುಗಳ ಯೋಜನೆಯಲ್ಲಿ ಅಫ್ಘನ್ ವಾಯುಪಡೆಗೆ ಕೊಂಡ 20 ಹಳೆಯ ಇಟಾಲಿಯನ್ ವಿಮಾನಗಳ ಪೈಕಿ 16 ಕಾಬೂಲಿನಲ್ಲಿ ಪೌಂಡಿಗೆ ಆರು ಸೆಂಟಿನಂತೆ ಗುಜರಿಗೆ ತೂಗಲ್ಪಟ್ಟವಾದ್ದರಿಂದ, ಮುಂದಿನ ಸಲ ವಿಮಾನದ ಟೆಂಡರಿನ ಜೊತೆಯಲ್ಲೇ ಗುಜರಿಯ ಟೆಂಡರನ್ನೂ ಕರೆದು, ಸ್ಥಳೀಯರಿಗೆ ಆದ್ಯತೆ ನೀಡಬೇಕಾಗಿ ಕೋರಲಾಗಿದೆ.