ಚಂದ್ರ: ಬಳಕೆದಾರರ ಕೈಪಿಡಿ (ಜಾಲಹಳ್ಳಿ ಹೋಬಳಿ, ಮಳೆಗಾಲದ ಆವೃತ್ತಿ)

ಬಳಸುವ ಮುನ್ನ ಓದಿ

ಎಂಟನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ನಕ್ಷತ್ರ, ಸೌರವ್ಯೂಹದ ಪಾಠಕ್ಕೆ ಒಂದು ಚಟುವಟಿಕೆ ಕೊಟ್ಟಿದ್ದಾರೆ. ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಯವರೆಗೆ ದಿನಾ ರಾತ್ರಿ ಚಂದ್ರನನ್ನು ನೋಡಬೇಕು, ಕಂಡ ಆಕಾರ ಬರೆಯಬೇಕು, ಆಕಾಶದ ಯಾವ ಕಡೆ ಇದ್ದ ಎಂದು ಗುರುತು ಹಾಕಬೇಕು. ಪುಸ್ತಕ ಬರೆದವರು ಯಾವ ಊರಿನ ಆಕಾಶ ನೋಡಿ ಇದನ್ನು ಬರೆದರೋ! ನಮ್ಮಲ್ಲಿ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೇ ಮೋಡವೂ ಬಂದು ಹಾಜರಿ ಹಾಕುತ್ತದೆ. ರಾಯಚೂರು ಜಿಲ್ಲೆಯ ಮೋಡದ ಗುಣ ಗೊತ್ತಿದ್ದದ್ದೇ. ಆಷಾಢ ಪೂರ್ತಿ ತಲೆಯ ಮೇಲೆ ಕವಿದಿರುತ್ತದೆ, ಗಾಳಿ ಎಬ್ಬಿಸುತ್ತದೆ, ಬಿತ್ತಿದ ತೊಗರಿ ಕಾಯುವಷ್ಟೂ ಕಾಯಿಸುತ್ತದೆ. ಮಳೆ ಜೋರಾಗುವುದು ಸೆಪ್ಟೆಂಬರಿಗೆ. ಅಲ್ಲಿಯವರೆಗೆ ಹೊಲಕ್ಕೂ ಇಲ್ಲ, ಚಂದ್ರನನ್ನೂ ಬಿಟ್ಟುಕೊಡುವುದಿಲ್ಲ. ಆ ಕಾಲಕ್ಕೆ ಈ ಕೈಪಿಡಿ.

ಗಮನಿಸಿ: ಇದು ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಗೆ ಮಾತ್ರ. ಬೆಂಗಳೂರಿನಲ್ಲಿ ಇದೇ ಹೆಸರಿನದು ಇನ್ನೊಂದಿದೆ, ಅಲ್ಲಿಗೆ ಮೆಟ್ರೊ ಹೋಗುತ್ತದೆ. ಅದರ ಮಗ್ಗುಲಲ್ಲೇ ಪೀಣ್ಯ, ಪೀಣ್ಯದಲ್ಲಿ ಇಸ್ರೊದ ಇಸ್ಟ್ರಾಕ್ ಕೇಂದ್ರ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಕಾಲೂರಿದಾಗ ವಿಜ್ಞಾನಿಗಳು ಎದ್ದು ಚಪ್ಪಾಳೆ ತಟ್ಟಿದ್ದು ಅಲ್ಲಿ. ಅವರ ಬಳಿ ಬ್ಯಾಲಾಳಿನ 32 ಮೀಟರ್ ಅಗಲದ ಆಂಟೆನಾ ಇದೆ, ಅದು ಹಿಡಿಯುವುದು ರೇಡಿಯೊ ತರಂಗವನ್ನು. ರೇಡಿಯೊ ತರಂಗಕ್ಕೆ ಮೋಡ ಲೆಕ್ಕಕ್ಕಿಲ್ಲ. ಆ ಜಾಲಹಳ್ಳಿಯವರು ಈ ಪುಟ ಮಡಚಿಟ್ಟು ಬೇರೆ ಕೆಲಸ ನೋಡಬಹುದು. ಎರಡು ಕಣ್ಣು, ಒಂದು ಮಾಳಿಗಿ ಬಿಟ್ಟರೆ ಬೇರೆ ಸಾಧನವಿಲ್ಲದ ಜಾಲಹಳ್ಳಿಯವರು ಮುಂದೆ ಓದಿ.

ಪೆಟ್ಟಿಗೆಯಲ್ಲಿ ಏನೇನಿದೆ

ಚಂದ್ರ, ಒಂದು (ಮೊದಲೇ ಜೋಡಿಸಿ ಇಡಲಾಗಿದೆ). ಮೋಡ, ಬೇಕಾದಷ್ಟು (ವಾಪಸ್ ತೆಗೆದುಕೊಳ್ಳುವುದಿಲ್ಲ). ಉಳಿದದ್ದು ನೀವೇ ತರಬೇಕು: ನೋಟ್‌ಬುಕ್, ಪೆನ್ಸಿಲ್, ವೃತ್ತ ಬರೆಯಲು ಅಕ್ಕನ ಬಳೆ. ಬಳೆಯನ್ನು ಕೇಳಿ ತೆಗೆದುಕೊಂಡರೆ ವೀಕ್ಷಣೆ ತಿಂಗಳ ಕೊನೆಯವರೆಗೂ ನಡೆಯುತ್ತದೆ, ಕೇಳದಿದ್ದರೆ ಮೊದಲ ದಿನವೇ ಮುಗಿಯುತ್ತದೆ. ಮೂವತ್ತು ವೃತ್ತ ಮೊದಲೇ ಬರೆದಿಟ್ಟುಕೊಳ್ಳಿ. ಪ್ರತಿಯೊಂದರ ಕೆಳಗೆ ತಾರೀಖು, ಹೊತ್ತು, ದಿಕ್ಕು, ಮೋಡ ಎಂದು ನಾಲ್ಕು ಗೆರೆ ಬಿಡಿ. ನಾಲ್ಕನೆಯ ಗೆರೆ ಪುಸ್ತಕದಲ್ಲಿಲ್ಲ. ಅದೇ ಹೆಚ್ಚು ತುಂಬುವುದು.

ಎಚ್ಚರಿಕೆ: ಹಳೆಯ ಮಣ್ಣಿನ ಮಾಳಿಗಿಯಾದರೆ ಬೆಳಕಿಂಡಿ ಎಲ್ಲಿದೆ ಎಂದು ಹಗಲೇ ನೋಡಿಕೊಳ್ಳಿ. ಮುಖ ಮೇಲೆತ್ತಿಕೊಂಡು ನಡೆಯುವವರ ಕಾಲು ಮೊದಲು ಹುಡುಕುವುದು ಅದನ್ನೇ. ಕೆಳಗೆ ರೊಟ್ಟಿ ಬಡಿಯುತ್ತಿರುವವರಿಗೆ ಖಗೋಳಶಾಸ್ತ್ರದ ಮೇಲೆ ಅಷ್ಟು ಗೌರವ ಇರುವುದಿಲ್ಲ.

ಅಳತೆ

ದೇವದುರ್ಗದ ಕಡೆ ಹೆಚ್ಚುಕಡಿಮೆ ಪೂರ್ವ, ತಿಂಥಣಿ ಬ್ರಿಜ್ ಕಡೆ ಹೆಚ್ಚುಕಡಿಮೆ ಪಶ್ಚಿಮ ಎಂದು ಇಟ್ಟುಕೊಂಡರೆ ಈ ಕೆಲಸಕ್ಕೆ ಸಾಕು. ಕೋನ ಅಳೆಯಲು ಕೋನಮಾಪಕ ಬೇಡ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಬೆರಳು ಅಗಲಿಸಿ ಗೇಣು ಮಾಡಿದರೆ 20ಕ್ಕೆ ಸ್ವಲ್ಪ ಮೇಲೆ. ಸಣ್ಣ ಹುಡುಗರ ಮುಷ್ಟಿ ಸಣ್ಣದು, ಆದರೆ ತೋಳೂ ಗಿಡ್ಡ, ಹಾಗಾಗಿ ಲೆಕ್ಕ ಸರಿಹೋಗುತ್ತದೆ. ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ, ಚಾಚಿದ ಕೈಯ ಕಿರುಬೆರಳ ಉಗುರಿನ ಹಿಂದೆ ಪೂರ್ತಿ ಅಡಗುತ್ತಾನೆ. ದೇವದುರ್ಗದ ಕಡೆ ಮೂಡುವಾಗ ಪರಾತದಷ್ಟು ದೊಡ್ಡವನಿದ್ದ ಎಂದು ಜಗಳಕ್ಕೆ ಬರುವವರಿಗೆ ಈ ಉಗುರು ತೋರಿಸಿ.

ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ. ಅದಕ್ಕೇ ದಿನವೂ ಸರಾಸರಿ 50 ನಿಮಿಷ ತಡವಾಗಿ ಮೂಡುತ್ತಾನೆ. ನಿನ್ನೆ ಏಳು ಗಂಟೆಗೆ ಬೇವಿನ ಗಿಡದ ತುದಿಯಲ್ಲಿದ್ದವನು ಇವತ್ತು ಅದೇ ಹೊತ್ತಿಗೆ ಒಂದು ಮುಷ್ಟಿಗಿಂತ ತುಸು ಹೆಚ್ಚು ಪೂರ್ವಕ್ಕಿರುತ್ತಾನೆ. ಈ ಒಂದು ಲೆಕ್ಕ ಕೈಯಲ್ಲಿದ್ದರೆ ಮೋಡಕ್ಕೆ ಹೆದರಬೇಕಾಗಿಲ್ಲ. ಸೋಮವಾರ ಕಂಡ, ಮೂರು ದಿನ ಮುಚ್ಚಿಕೊಂಡಿತ್ತು ಎನ್ನಿ. ಶುಕ್ರವಾರ ಅದೇ ಹೊತ್ತಿಗೆ ಐದು ಮುಷ್ಟಿ ಪೂರ್ವಕ್ಕೆ ಅಳೆದು, ಅಲ್ಲಿ ಕಣ್ಣು ನೆಟ್ಟು ಕುಳಿತುಕೊಳ್ಳಿ. ಮೋಡ ಅರ್ಧ ನಿಮಿಷ ಬಾಯಿ ತೆರೆದರೂ ಸಿಕ್ಕಿಬೀಳುತ್ತಾನೆ. ಆಕಾಶವನ್ನೆಲ್ಲ ಹುಡುಕುತ್ತ ಕತ್ತು ತಿರುಗಿಸುತ್ತಿದ್ದ ಪಕ್ಕದ ಮನೆಯವನಿಗೆ ಆ ಅರ್ಧ ನಿಮಿಷ ತಪ್ಪಿರುತ್ತದೆ.

ಮೋಡದ ಬಗೆಗಳು, ಬಳಸುವ ಕ್ರಮ

ಬಹಳ ಎತ್ತರದ ತೆಳು ಮೋಡ ಎಲ್ಲಕ್ಕಿಂತ ಒಳ್ಳೆಯದು. ಚಂದ್ರ ಕಾಣುತ್ತಾನೆ, ಜೊತೆಗೆ ಕೆಲವು ರಾತ್ರಿ ಅವನ ಸುತ್ತ ಬೆಳಕಿನ ಬಳೆಯಾಗಿ ಗುಡಿ ಕಟ್ಟುತ್ತದೆ. ಆ ಗುಡಿ ಆಗುವುದು ಮೋಡದೊಳಗಿನ ಆರು ಮೂಲೆಯ ಹಿಮದ ಹರಳುಗಳಲ್ಲಿ ಬೆಳಕು ಬಾಗಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ದೇವದುರ್ಗದ ನೆತ್ತಿಯ ಮೇಲೂ ಹಿಮ ಇದೆ ಎಂದರೆ ನಂಬುವವರು ಕಡಿಮೆ, ಆದರೆ ಇದೆ. ಚಂದ್ರನಿಂದ ಗುಡಿಯವರೆಗೆ ಗೇಣಿಟ್ಟು ನೋಡಿ, 22 ಡಿಗ್ರಿ, ಒಂದೇ ಗೇಣು. ಯಾವ ಊರಿನಲ್ಲಿ, ಯಾವ ವರ್ಷ ನೋಡಿದರೂ ಅಷ್ಟೇ.

ಎರಡನೆಯದು ಗಾಳಿಗೆ ಓಡುವ ಚೂರು ಮೋಡ. ಇದರಲ್ಲಿ ಚಂದ್ರ ಓಡಿದ ಹಾಗೆ ಕಾಣುತ್ತಾನೆ. "ಸರ್, ಚಂದ್ರ ದೇವದುರ್ಗದ ಕಡಿ ಓಡಾಕತ್ತಿದ್ದ" ಎಂದು ನೋಟ್‌ಬುಕ್ಕಿನಲ್ಲಿ ಬರೆದವರಿದ್ದಾರೆ. ಕರೆಂಟ್ ಕಂಬದ ಅಂಚಿಗೆ ಚಂದ್ರನನ್ನು ತಾಗಿಸಿ, ತಲೆ ಅಲ್ಲಾಡಿಸದೆ ನಿಲ್ಲಿ. ಮೋಡವೇ ಓಡುತ್ತಿರುವುದು ಕಾಣುತ್ತದೆ. ಹಾಗೆಯೇ ಕಾಲು ಗಂಟೆ ನಿಂತರೆ ಚಂದ್ರ ನಿಧಾನಕ್ಕೆ ತಿಂಥಣಿ ಕಡೆ ಸರಿದದ್ದೂ ಕಾಣುತ್ತದೆ, ಅದು ಭೂಮಿ ತಿರುಗಿದ್ದು. ದಿನದಿಂದ ದಿನಕ್ಕೆ ಪೂರ್ವಕ್ಕೆ, ಗಂಟೆಯಿಂದ ಗಂಟೆಗೆ ಪಶ್ಚಿಮಕ್ಕೆ ಹೋಗುವ ಈ ಗೊಂದಲ ಒಂದು ಕಂಬದಿಂದ ಬಗೆಹರಿಯುತ್ತದೆ.

ಮೂರನೆಯದು ಕಂಬಳಿ ಮೋಡ. ಇದರಲ್ಲಿ ಏನೂ ಕಾಣುವುದಿಲ್ಲ ಎಂದು ಒಳಗೆ ಹೋಗಿಬಿಡಬೇಡಿ. ಅಂಗಳದಲ್ಲಿ ನಿಂತು, ಬೀದಿದೀಪಕ್ಕೆ ಬೆನ್ನು ಹಾಕಿ, ನಿಮ್ಮ ಕೈಗೆರೆ ಕಾಣುತ್ತದೆಯೇ ನೋಡಿ. ಅರ್ಧ ಚಂದ್ರನ ಬೆಳಕು ಹುಣ್ಣಿಮೆಯ ಅರ್ಧ ಇರುವುದಿಲ್ಲ, ಹತ್ತರಲ್ಲಿ ಒಂದು ಪಾಲಿನಷ್ಟೇ ಇರುತ್ತದೆ. ಆದ್ದರಿಂದ ಹುಣ್ಣಿಮೆಯ ಆಸುಪಾಸಿನ ಮೋಡದ ರಾತ್ರಿಗೂ ಅಷ್ಟಮಿಯ ಮೋಡದ ರಾತ್ರಿಗೂ ನೆಲದ ಮೇಲೆ ದೊಡ್ಡ ವ್ಯತ್ಯಾಸ. "ಚಂದ್ರ ಕಾಣಲಿಲ್ಲ, ಮೋಡ ಬೆಳ್ಳಗಿತ್ತು, ದಾರಿ ಕಾಣುತ್ತಿತ್ತು" ಎಂದು ಬರೆದರೆ ಅದು ಪೂರ್ತಿ ವೀಕ್ಷಣೆ. ವೃತ್ತ ಖಾಲಿ ಇರಲಿ.

ರಾತ್ರಿ ತಪ್ಪಿದರೆ ಬೆಳಗ್ಗೆಯೂ ಇದೆ. ಬಹುಳ ಅಷ್ಟಮಿಯ ಚಂದ್ರ ನಡುರಾತ್ರಿ ಮೂಡಿ ಮಧ್ಯಾಹ್ನ ಮುಳುಗುವವನು. ಶಾಲೆಯಲ್ಲಿ ನಾಡಗೀತೆ ಹಾಡುವಾಗ ಪಶ್ಚಿಮಕ್ಕೆ ನೋಡಿದರೆ ಮೋಡದ ಸಂದಿಯಲ್ಲಿ ಬಿಳಿ ಚೂರಾಗಿ ಇರುತ್ತಾನೆ. ಸಾಲು ಕೆಡದಂತೆ ನೋಡಿ.

ಹಿರಿಯ ಬಳಕೆದಾರರು

ಈ ಉತ್ಪನ್ನವನ್ನು ನಿಮಗಿಂತ ಮೊದಲಿನಿಂದ ಬಳಸುತ್ತಿರುವವರು ಮನೆಯಲ್ಲೇ ಇದ್ದಾರೆ. ಸಂಕಷ್ಟಿ ಹಿಡಿದವರನ್ನು ನೋಡಿ. ಚಂದ್ರನನ್ನು ನೋಡದೆ ಊಟವಿಲ್ಲ, ಚಂದ್ರ ಮೂಡುವುದು ರಾತ್ರಿ 9ರ ಆಸುಪಾಸು, ಶ್ರಾವಣದ ಮೋಡ ಮಾಳಿಗಿಗೆ ತಾಗುವಂತಿರುತ್ತದೆ. ಕ್ಯಾಲೆಂಡರಿನಲ್ಲಿ ಅಚ್ಚಾದ ಚಂದ್ರೋದಯದ ಹೊತ್ತು ದಾಟುವವರೆಗೆ ಕಾದು, ಆ ದಿಕ್ಕಿಗೆ ಕೈಮುಗಿದು, ಎಲೆಯ ಮುಂದೆ ಕೂರುತ್ತಾರೆ. ಕಾಣಲಿಲ್ಲ, ಆದರೆ ಮೂಡಿದ್ದಾನೆ ಎಂಬುದು ಅವರಿಗೆ ಗೊತ್ತು. ಎರಡನ್ನೂ ಬೆರೆಸುವುದಿಲ್ಲ.

ಚಾಂದ್ ನೋಡುವವರ ನಿಯಮ ಇನ್ನೂ ಬಿಗಿ. 29ನೆಯ ಸಂಜೆ ಪಶ್ಚಿಮದಲ್ಲಿ ಎಳೆಯ ಚಂದ್ರ ಕಂಡರೆ ಹೊಸ ತಿಂಗಳು; ಮೋಡ ಮುಚ್ಚಿ, ಎಲ್ಲಿಂದಲೂ ಕಂಡ ಸುದ್ದಿ ಬಾರದಿದ್ದರೆ 30 ಪೂರ್ತಿ ಮಾಡಬೇಕು. ಮೋಡದ ದಿನ ಏನು ಮಾಡಬೇಕೆಂದು ಮೊದಲೇ ಬರೆದಿಟ್ಟ ಕೈಪಿಡಿ ಇದು. ಪಾಠಪುಸ್ತಕಕ್ಕೆ ಈ ಒಂದು ಸಾಲು ಹೊಳೆಯಲಿಲ್ಲ. ನಮ್ಮ ಕಡೆ ಮೊಹರಂಗೆ ಅಲಾಯಿ ಕುಣಿಗೆ ಗುದ್ದಲಿ ಬೀಳುವುದೂ ಚಂದ್ರ ಕಂಡ ಮೇಲೆಯೇ.

ಅಮ್ಮನ ವಿಧಾನ ಬೇರೆ. ಆಕೆ ಮೇಲೆ ನೋಡುವುದೇ ಇಲ್ಲ. ಕಾರಹುಣ್ಣಿಮೆಗೆ ಎತ್ತು ಮೆರೆಸಿದ್ದಾಯಿತು, ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣು ಕಲಸಿದ್ದಾಯಿತು, ಇನ್ನು ಕಡ್ಲಿಗಡಬಿನ ಹುಣ್ಣಿಮೆ, ನಾಗರ ಅಮಾವಾಸ್ಯೆ, ನೂಲು ಹುಣ್ಣಿಮೆ ಎಂದು ಎಣಿಸುತ್ತಾಳೆ. ಮಳೆಗಾಲದ ಐದು ಹುಣ್ಣಿಮೆ, ಅಮಾವಾಸ್ಯೆಯೂ ಅಡುಗೆಮನೆಯಲ್ಲೇ ಸಿಕ್ಕುತ್ತವೆ. ನಿಮ್ಮ ಮೂವತ್ತು ವೃತ್ತ ಎಲ್ಲಿಂದ ಶುರು, ಎಲ್ಲಿಗೆ ಕೊನೆ ಎಂದು ಗೊತ್ತಾಗದಿದ್ದರೆ ಆಕೆಯನ್ನು ಕೇಳಿ.

ಭಾದ್ರಪದದ ಚೌತಿಯ ಸಂಜೆ ಮಾತ್ರ ಉತ್ಪನ್ನ ಬಳಸಬಾರದು, ಗಣಪತಿಯ ಶಾಪವಿದೆ, ಕೃಷ್ಣನಿಗೇ ಶಮಂತಕ ಮಣಿ ಕದ್ದ ಅಪವಾದ ಬಂತು ಎಂದು ಮನೆಯಲ್ಲಿ ಹೇಳುತ್ತಾರೆ. ನೋಡುವುದೋ ಬಿಡುವುದೋ ನಿಮ್ಮ ಮನೆಯ ವ್ಯವಹಾರ. ಅಂದು ಮೋಡ ಬಂದರೆ ಎರಡೂ ಕಡೆಯವರಿಗೆ ಅನುಕೂಲ.

ದೋಷ ಮತ್ತು ಪರಿಹಾರ

ದೋಷ: ಊರಿಗೇ ಧೋ ಎಂದು ಮಳೆ ಹೊಡೆದ ರಾತ್ರಿಯ ಪುಟದಲ್ಲಿ ಅತಿ ಚಂದದ ಚಂದ್ರ. ಕಾರಣ: ಗೋಡೆಯ ಕ್ಯಾಲೆಂಡರ್. ಕದ್ದು ಬರೆಯುವವರಿಗೆ ಒಂದು ಉಪಕಾರದ ಮಾತು, ಸರ್ ಹಿಡಿಯುವುದು ಆಕಾರದಿಂದಲ್ಲ, ಹೊತ್ತಿನಿಂದ. ಬಹುಳ ದ್ವಾದಶಿಯ ಚಂದ್ರನನ್ನು "ರಾತ್ರಿ 8, ಪಶ್ಚಿಮ" ಎಂದು ಬರೆದವನು ಮಾಳಿಗಿ ಹತ್ತಿಲ್ಲ. ಆ ಚಂದ್ರ ಮೂಡುವುದೇ ಬೆಳಗಿನ ಜಾವ 3ರ ಮೇಲೆ, ಅದೂ ಪೂರ್ವದಲ್ಲಿ. ಇನ್ನೊಂದು, ಎಳೆಯ ಚಂದ್ರನನ್ನು ಎಲ್ಲರೂ ಚಿತ್ರದ ಪುಸ್ತಕದಲ್ಲಿದ್ದಂತೆ ನೆಟ್ಟಗೆ ನಿಲ್ಲಿಸಿ ಬರೆಯುತ್ತಾರೆ. ನಮ್ಮ ಅಕ್ಷಾಂಶ ಸುಮಾರು 16 ಡಿಗ್ರಿ. ಇಲ್ಲಿ ಯುಗಾದಿಯ ಹೊತ್ತಿಗೆ ಅವನು ದೋಣಿಯ ಹಾಗೆ ಮಲಗಿರುತ್ತಾನೆ, ದಸರೆಯ ಹೊತ್ತಿಗೆ ಓರೆಯಾಗುತ್ತಾನೆ. ಯುಗಾದಿ ಚಂದ್ರನ ಯಾವ ಕೋಡು ಮೇಲಿದೆ ಎಂದು ನೋಡಿ ಮಳೆ ಬೆಳೆ ಹೇಳುತ್ತಿದ್ದ ತಾತಂದಿರ ಭವಿಷ್ಯ ಸುಳ್ಳಿರಬಹುದು, ಕೋಡು ನೋಡಿದ್ದು ನಿಜ.

ಪಂಚಾಂಗ ನೋಡಲೇಬಾರದೆಂದಲ್ಲ. ತಿಥಿ ಎಂದರೆ ಸೂರ್ಯ ಚಂದ್ರರ ನಡುವಿನ 12 ಡಿಗ್ರಿಯ ಒಂದೊಂದು ಮೆಟ್ಟಿಲು. ಏಳು ತಿಥಿ ಕಳೆದು ಅಷ್ಟಮಿ ನಡೆಯುವಾಗ 90 ಡಿಗ್ರಿ, ಅದಕ್ಕೇ ಅರ್ಧ ಚಂದ್ರ. ಕಾಣದ ದಿನದ ಆಕಾರವನ್ನು ತಿಥಿಯಿಂದ ಲೆಕ್ಕ ಹಾಕಿ ಬರೆಯಿರಿ, ಚುಕ್ಕಿಗೆರೆಯಲ್ಲಿ ಬರೆಯಿರಿ, ಪಕ್ಕದಲ್ಲಿ "ಲೆಕ್ಕ" ಎಂದು ಹಾಕಿ. ಕಂಡದ್ದಕ್ಕೆ ಪೂರ್ತಿ ಗೆರೆ. ತಿಂಗಳ ಕೊನೆಗೆ ಎರಡೂ ಗೆರೆ ಒಂದಕ್ಕೊಂದು ಕೂಡುತ್ತವೆಯೇ ನೋಡಿ. ಮೋಡವಿಲ್ಲದ ಊರಿನ ಹುಡುಗರಿಗೆ ಈ ಪರೀಕ್ಷೆ ಸಿಗುವುದೇ ಇಲ್ಲ.

ದೋಷ: ಚಂದ್ರ ಸಣ್ಣದಾಗುವುದು ಭೂಮಿಯ ನೆರಳಿನಿಂದ ಎಂಬ ಉತ್ತರ. ಇದು ಗ್ರಹಣದ ಉತ್ತರ, ಇಲ್ಲಿಗೆ ಬಂದು ಕುಳಿತಿದೆ. ಪರಿಹಾರಕ್ಕೆ ಪೂರ್ತಿ ಮೋಡದ ಸಂಜೆಯೇ ಬೇಕು: ಕತ್ತಲೆ ಕೋಣೆ, ಒಂದು ಬಲ್ಬು, ಸುಣ್ಣ ಬಳಿದ ರಬ್ಬರ್ ಚೆಂಡು. ಚೆಂಡನ್ನು ತಲೆಗಿಂತ ತುಸು ಮೇಲೆ ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಿ. ನಿಮ್ಮ ತಲೆಯ ನೆರಳು ಚೆಂಡಿನ ಮೇಲೆ ಎಲ್ಲೂ ಬೀಳುವುದಿಲ್ಲ, ಆದರೂ ಪಾಡ್ಯದಿಂದ ಹುಣ್ಣಿಮೆಯವರೆಗಿನ ಎಲ್ಲ ಆಕಾರವೂ ಬಂದು ಹೋಗುತ್ತದೆ. ಕರೆಂಟ್ ಹೋದರೆ ಟಾರ್ಚ್ ಸಾಕು.

ಬೆಳಕು ಕತ್ತಲೆ ಕೂಡುವ ಆ ಅಂಚನ್ನು ಅಸಡ್ಡೆಯಿಂದ ಎಳೆಯಬೇಡಿ. ಶುಕ್ಲಪಕ್ಷದಲ್ಲಿ ಅದು ಚಂದ್ರನ ಮೇಲಿನ ಸೂರ್ಯೋದಯದ ಗೆರೆ. ವಿಕ್ರಮ್ ಇಳಿದ ಸಂಜೆ ಚಂದ್ರ ಅರ್ಧಕ್ಕೆ ಹತ್ತಿರವಿದ್ದ, ಇಳಿಯುವ ಜಾಗದಲ್ಲಿ ಆಗತಾನೆ ಬೆಳಗಾಗಿತ್ತು. ಚಂದ್ರನ ಒಂದು ಹಗಲು ನಮ್ಮ 14 ದಿನಗಳಷ್ಟು. ಬಿಸಿಲಿನಿಂದ ನಡೆಯುವ ಯಂತ್ರಕ್ಕೆ ಪೂರ್ತಿ ಹಗಲು ಸಿಗಲೆಂದೇ ಆ ತಾರೀಖು. ಸೆಪ್ಟೆಂಬರ್ 4ಕ್ಕೆ ವಿಕ್ರಮನನ್ನು ಮಲಗಿಸಿದರು. ಪೀಣ್ಯದವರ ವೇಳಾಪಟ್ಟಿ ನಿಮ್ಮ ವೃತ್ತದೊಳಗಿನ ಗೆರೆಯನ್ನು ನೋಡಿಯೇ ಮಾಡಿದ್ದು.

ಖಾತರಿ

ಒಂದು ಮಾಸ ಮೋಡಕ್ಕೆ ಹೋದರೆ ಸರಾಸರಿ 29 ದಿನ, 12 ಗಂಟೆ, 44 ನಿಮಿಷಕ್ಕೆ ಬದಲಿ ಮಾಸ ಸಿಗುತ್ತದೆ, ರಸೀದಿ ಬೇಕಾಗಿಲ್ಲ. ಗೌರಿ ಹುಣ್ಣಿಮೆಯಿಂದ ಹೊಸ್ತಿಲ ಹುಣ್ಣಿಮೆಯವರೆಗೆ, ಹತ್ತಿ ಬಿಡಿಸುವ ದಿನಗಳಲ್ಲಿ ನಮ್ಮ ಆಕಾಶ ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಶಿಕ್ಷಕರು ಆಗ ಇದೇ ಚಟುವಟಿಕೆಯನ್ನು ಇನ್ನೊಮ್ಮೆ ಮಾಡಿಸಿ, ಎರಡು ನೋಟ್‌ಬುಕ್ಕನ್ನೂ ಅಕ್ಕಪಕ್ಕ ಇಡಬಹುದು. ಮಳೆಗಾಲದ ನೋಟ್‌ಬುಕ್ ತಿದ್ದುವಾಗ ಒಂದು ವಿನಂತಿ: ಖಾಲಿ ವೃತ್ತದ ಕೆಳಗೆ ತಾರೀಖು, ಹೊತ್ತು ಹಾಕಿ "ಮೋಡ, ಕಾಣಲಿಲ್ಲ" ಎಂದು ಬರೆದ ಪುಟಕ್ಕೆ ಅಂಕ ಕಡಿಮೆ ಮಾಡಬೇಡಿ ಸರ್, ಆ ಹುಡುಗಿ ಮಾಳಿಗಿ ಹತ್ತಿದ್ದಾಳೆ.